ಸುವ್ಲಾ ತಿರುಗಿಸಿದ ಕೈ

ಹತ್ತಿರ ಬನ್ನಿ, ಜೋರಾಗಿ ಹೇಳೋಕೆ ನನ್ನ ಕೈಲಾಗಲ್ಲ. ಬೆಳಗಿನಿಂದ ನಿಂತೂ ನಿಂತೂ ಸೊಂಟ ಬಿದ್ದುಹೋಗಿದೆ. ಇವತ್ತು ರಾಕ್ಷಸ ಬೇಡ, ರಾಜಕುಮಾರಿಯೂ ಬೇಡ. ದಣಿದವನೊಬ್ಬನ ಕಥೆ ಹೇಳ್ತೀನಿ. ನಡುವೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ನೋಡಿ ಮತ್ತೆ.

ಸುತ್ತಲೂ ಸಮುದ್ರ, ನಡುವೆ ಸೈಪ್ರಸ್ ಅನ್ನೋ ದ್ವೀಪ. ಅಲ್ಲೊಂದು ರಾಜ್ಯ, ಆ ರಾಜ್ಯಕ್ಕೊಬ್ಬ ರಾಜ. ಕೆಟ್ಟವನಲ್ಲ. ಒಳ್ಳೆಯವನು ಅನ್ನೋಕೂ ಆಗಲ್ಲ, ಯಾಕಂದ್ರೆ ಊಟ ಒಂದು ಬಿಟ್ಟು ಬೇರೆ ಯಾವುದಕ್ಕೂ ಅವನು ತಲೆ ಕೆಡಿಸ್ಕೊಳ್ತಿರಲಿಲ್ಲ.

ಅವನಿಗೆ ಸುವ್ಲಾ ಅಂದ್ರೆ ಪ್ರಾಣ. ಕಬಾಬ್ ಅಂದ್ಕೊಂಡ್ರಾ? ಅಲ್ಲ. ಕಬಾಬು ನೋಡ್ತಾ ನೋಡ್ತಾ ಬೆಂದುಬಿಡುತ್ತೆ. ಇದು ಮುಷ್ಟಿ ಗಾತ್ರದ ಕುರಿಮಾಂಸದ ತುಂಡು. ಉಪ್ಪು ಸವರಿ, ಆಳುದ್ದದ ಕಬ್ಬಿಣದ ಸರಳಿಗೆ ಚುಚ್ಚಿ, ಇದ್ದಿಲ ಕೆಂಡದ ಮೇಲೆ ಎತ್ತರದಲ್ಲಿಟ್ಟು ತಿರುಗಿಸಬೇಕು. ಕೆಂಡದ ಕಾವು ಇಳಿದ ಹಾಗೆ ಸರಳನ್ನೂ ಇಳಿಸಬೇಕು. ಮತ್ತೆ ತಿರುಗಿಸಬೇಕು. ಸೂರ್ಯ ನೆತ್ತಿಗೆ ಬರೋ ತನಕ ತಿರುಗಿಸಬೇಕು. ಕೈ ನಿಂತರೆ ಒಂದು ಕಡೆ ಕರಕು, ಇನ್ನೊಂದು ಕಡೆ ಹಸಿ.

ತಿರುಗಿಸ್ತಿದ್ದವನು ಹಂಬೀಸ ಅಂತ ಒಬ್ಬ ಮುದುಕ. ನಲವತ್ತು ವರ್ಷ ಅದೇ ಒಲೆ, ಅದೇ ಹೊಗೆ, ಅದೇ ಸರಳು. ಬಲ ಭುಜ ಸವೆದುಹೋಗಿತ್ತು. ಅಂಗಿ ಹಾಕ್ಕೊಳ್ಳೋಕೆ ಕೈ ಎತ್ತಿದ್ರೆ ಕಣ್ಣಲ್ಲಿ ನೀರು ಬರೋದು. ಗುಡ್ಡದಾಚೆ ಊರಲ್ಲಿ ಅವನ ಅಕ್ಕ ದೆಸ್ಪೋ ಇದ್ದಳು. ಬಂದುಬಿಡೋ, ಜಗಲಿ ಮೇಲೆ ಸುಮ್ಮನೆ ಕೂತಿರು ಅಂತ ಹೇಳಿಕಳಿಸ್ತಾನೇ ಇದ್ದಳು. ಹಂಬೀಸನಿಗೂ ಬೇಕಾಗಿದ್ದು ಅಷ್ಟೇ. ಸುಮ್ಮನೆ ಕೂರೋದು.

ಆದರೆ ಅರಮನೆ ಬಿಡಬೇಕಾದ್ರೆ ರಾಜನ ಅಪ್ಪಣೆ ಬೇಕು. ಆಳುಮಕ್ಕಳ ಮಾತು ರಾಜನ ಕಿವಿಗೆ ಹೋಗಬೇಕಾದ್ರೆ ಅಡುಗೆಮನೆ ಯಜಮಾನ ಕೊಸ್ಮಾಸ ಬಾಯಿ ಬಿಡಬೇಕು. ಈ ಕೊಸ್ಮಾಸನ ವಿಷಯ ಏನು ಹೇಳೋದು, ಒಲೆ ಹತ್ತಿರ ಸುಳಿದವನೇ ಅಲ್ಲ. ಅವನಿದ್ದಿದ್ದು ಆಲಿವ್ ಮರದ ನೆರಳಲ್ಲಿ, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಲ್ಲಿ ದ್ರಾಕ್ಷಿ.

ಒಂದು ಹಬ್ಬ ಬಂತು. ಸುವ್ಲಾ ತಿಂದ ರಾಜ ಬೆರಳು ನೆಕ್ಕಿದ. ಇದು ಯಾರ ಕೈ ಅಂತ ಕೇಳಿದ. ಕೊಸ್ಮಾಸ ಎದೆ ಮುಟ್ಟಿಕೊಂಡು, ನನ್ನದೇ ಪ್ರಭು ಅಂದ. ರಾಜ ಅವನಿಗೆ ರೇಷ್ಮೆ ಶಾಲು ಹೊದಿಸಿದ. ಆ ಸಾಯಂಕಾಲ ಹಂಬೀಸ ಹೋಗಿ, ಯಜಮಾನ್ರೇ, ನನಗೆ ಬಿಡುಗಡೆ ಕೊಡಿಸಿ ಅಂದ. ಮುಂದಿನ ಹಬ್ಬ ಕಳೀಲಿ ಅಂದ ಕೊಸ್ಮಾಸ.

ಮುಂದಿನ ಹಬ್ಬ ಬಂತು. ರಾಜ ತಿಂದ, ಬೆರಳು ನೆಕ್ಕಿದ, ಯಾರ ಕೈ ಅಂತ ಕೇಳಿದ. ನನ್ನದೇ ಪ್ರಭು ಅಂದ ಕೊಸ್ಮಾಸ. ಈ ಸಲ ಬಿಳಿ ಕುದುರೆ ಸಿಕ್ಕಿತು. ಸಾಯಂಕಾಲ ಹಂಬೀಸ ಮತ್ತೆ ಹೋದ, ಮತ್ತೆ ಕೇಳಿದ. ನೀನು ಹೋದ್ರೆ ತಿರುಗಿಸೋದು ಯಾರು, ನಿನ್ನಪ್ಪನಾ ಅಂತ ಬೈದು ಕಳಿಸಿದ ಕೊಸ್ಮಾಸ. ಹಂಬೀಸ ವಾಪಸ್ ಬಂದು ಒಲೆ ಬೂದಿ ಬಳಿದ. ಸಿಟ್ಟು ಮಾಡ್ಕೊಳ್ಳೋಕೂ ತ್ರಾಣ ಬೇಕಲ್ಲ.

ಮೂರನೇ ಹಬ್ಬ ಬಂತು. ಈ ಸಲ ರಾಜನಿಗೆ ಏನು ಹುಕಿ ಬಂತೋ, ಆ ಕೈಯನ್ನ ಕಣ್ಣಾರೆ ನೋಡಬೇಕು ಅಂತ ಯಾರಿಗೂ ಹೇಳದೆ ಹಿತ್ತಲಿಗೇ ಬಂದುಬಿಟ್ಟ. ನೋಡ್ತಾನೆ, ನೆರಳಲ್ಲಿ ಕೊಸ್ಮಾಸ, ಬಿಸಿಲಲ್ಲಿ ಹಂಬೀಸ. ಸರಳು ಹಂಬೀಸನ ಕೈಯಲ್ಲಿದೆ.

ಕೊಸ್ಮಾಸನ ಬಾಯಲ್ಲಿದ್ದ ದ್ರಾಕ್ಷಿ ಬಾಯಲ್ಲೇ ಉಳೀತು.

ರಾಜ ಹುಬ್ಬು ಗಂಟು ಹಾಕಿ ಮುದುಕನ್ನ ಕೇಳಿದ. “ನಿಜ ಹೇಳು. ಸುವ್ಲಾ ತಿರುಗಿಸೋ ಕೈ ಯಾರದ್ದು?”

ಹಿತ್ತಲಲ್ಲಿದ್ದ ಆಳುಗಳೆಲ್ಲ ಕೈಲಿದ್ದ ಕೆಲಸ ಬಿಟ್ಟು ಇತ್ತ ತಿರುಗಿದರು. ಒಂದು ಮಾತು, ಒಂದೇ ಮಾತು, ಕೊಸ್ಮಾಸನ ಕಥೆ ಮುಗೀತಿತ್ತು. ನಾನಾಗಿದ್ರೆ ಹೇಳಿಬಿಡ್ತಿದ್ದೆ. ನೀವೂ ಹೇಳ್ತಿದ್ರಿ.

ಹಂಬೀಸ ಸರಳು ತಿರುಗಿಸ್ತಾನೇ ಯೋಚನೆ ಮಾಡಿದ. ನನ್ನ ಕೈ ಅಂದ್ರೆ ಏನಾಗುತ್ತೆ? ಶಾಲು ನನ್ನ ಹೆಗಲಿಗೆ ಬರುತ್ತೆ. ಕುದುರೆ ನನ್ನ ಬಾಗಿಲಿಗೆ ಬರುತ್ತೆ. ಆಮೇಲೆ ಈ ರಾಜ, ಇನ್ನು ನಿನ್ನ ಕೈಯದು ಬಿಟ್ಟು ಬೇರೆಯವರ ಕೈಯದು ತಿನ್ನಲ್ಲ ಅಂತಾನೆ. ಶಾಲು ಹೊದ್ದುಕೊಂಡು ಸಾಯೋ ತನಕ ಇಲ್ಲೇ ತಿರುಗಿಸಬೇಕು. ನಲವತ್ತು ವರ್ಷ ಅವನ ಹೆಸರಲ್ಲಿ ಬೆಂದೆ, ಮಿಕ್ಕಿದ್ದು ನನ್ನ ಹೆಸರಲ್ಲಿ ಬೇಯೋದು, ಅಷ್ಟೇ ವ್ಯತ್ಯಾಸ.

ಅವನು ನಿಧಾನವಾಗಿ ತಲೆ ಎತ್ತಿದ.

“ಯಜಮಾನ್ರದ್ದೇ ಕೈ, ಪ್ರಭು. ಅವರು ಸುಧಾರಿಸ್ಕೊಳ್ಳಲಿ ಅಂತ ಎರಡು ನಿಮಿಷ ಹಿಡ್ಕೊಂಡಿದ್ದೆ. ಬೇರೆಯವರ ಕೈ ತಾಗಿದ್ರೆ ರುಚಿನೇ ಬರಲ್ಲ. ನನ್ನಿಂದ ಇಲ್ಲಿ ಏನೂ ಉಪಯೋಗವಿಲ್ಲ. ಮನೆಗೆ ಹೋಗೋಕೆ ಅಪ್ಪಣೆ ಕೊಡಿ.”

ಕೊಸ್ಮಾಸನಿಗೆ ಹೋದ ಜೀವ ಬಂದ ಹಾಗಾಯ್ತು. ಪಾಪ, ಆ ಜೀವ ಬಂದ ದಾರಿ ಯಾವುದು ಅಂತ ಅವನಿಗಿನ್ನೂ ತಿಳಿದಿರಲಿಲ್ಲ.

ರಾಜ ಅವನ ಕಡೆ ತಿರುಗಿ, ಈ ಮುದುಕ ನಿನಗೆ ಬೇಕೋ ಬೇಡವೋ ಅಂತ ಕೇಳಿದ. ಬೇಕು ಅಂದ್ರೆ ಯಾಕೆ ಬೇಕು ಅಂತ ಹೇಳಬೇಕು. ಕೊಸ್ಮಾಸ ಬಾಯಲ್ಲಿದ್ದ ದ್ರಾಕ್ಷಿ ನುಂಗಿದ. ನೆಲ ನೋಡಿದ.

“ಬೇಡ ಪ್ರಭು,” ಅಂದ.

ಹಾಗಾದ್ರೆ ಹೋಗಲಿ ಬಿಡು ಅಂದ ರಾಜ. ಹಂಬೀಸ ಕೈ ಮುಗಿದ. ಸರಳಿನ ಹಿಡಿಯನ್ನ ಕೊಸ್ಮಾಸನ ಅಂಗೈಲಿಟ್ಟು, ಬೆರಳು ಒಂದೊಂದಾಗಿ ಮಡಿಚಿ ಕೊಟ್ಟ. ಆಮೇಲೆ ಹಿಂದೆ ತಿರುಗಿ ನೋಡದೆ ಹೊರಟ. ರಾಜ ಕುರ್ಚಿ ತರಿಸಿ ಒಲೆ ಎದುರಿಗೇ ಕೂತ.

ಕೊಸ್ಮಾಸ ತಿರುಗಿಸಿದ. ಹೊಗೆಗೆ ಕಣ್ಣು ಉರೀತು, ಬೆವರು ಕಿತ್ತುಕೊಂಡು ಬಂತು, ರೇಷ್ಮೆ ಶಾಲಿಗೆ ಕಿಡಿ ಹಾರಿ ತೂತು ಬಿತ್ತು. ಕೈ ಸೋತು ಸರಳು ನಿಂತಿತು. ಮಾಂಸ ಹೊರಗೆ ಕರಕಾಯ್ತು, ಒಳಗೆ ಹಸಿಯಾಗೇ ಉಳೀತು. ರಾಜ ಒಂದು ತುಂಡು ಕಚ್ಚಿ ಉಗುಳಿದ. ಕೊಸ್ಮಾಸ, ಕೂತೂ ಕೂತೂ ನಿನ್ನ ಕೈ ಜಡ್ಡು ಹಿಡಿದಿದೆ, ಇನ್ನು ಮೇಲೆ ಹಬ್ಬ ಅಂತ ಕಾಯೋದು ಬೇಡ, ದಿನಾ ತಿರುಗಿಸು ಅಂದ. ಇನ್ನೊಬ್ಬರು ಯಾರೂ ಈ ಸರಳು ಮುಟ್ಟಕೂಡದು ಅಂತ ಕಟ್ಟಪ್ಪಣೆ ಮಾಡಿ ಎದ್ದುಹೋದ.

ಒಂದು ತಿಂಗಳಾದ ಮೇಲೆ ಬಿಳಿ ಕುದುರೆ ಗುಡ್ಡ ಇಳಿದು ದೆಸ್ಪೋ ಮನೆ ಮುಂದೆ ನಿಂತಿತು. ಹಂಬೀಸ ಜಗಲಿ ಮೇಲೆ ಗೋಡೆಗೆ ಒರಗಿ ಕೂತಿದ್ದ. ಏನೂ ಮಾಡ್ತಿರಲಿಲ್ಲ. ಕೊಸ್ಮಾಸ ಕುದುರೆಯಿಂದ ಇಳಿದ. ಕಣ್ಣು ಕೆಂಪಗೆ, ಬೆರಳೆಲ್ಲ ಬೊಬ್ಬೆ, ಬಲಗೈ ಮೇಲಕ್ಕೆ ಏಳ್ತಿಲ್ಲ. ನಿನ್ನ ದಮ್ಮಯ್ಯ, ಅದು ಹೇಗೆ ಮಾಡ್ತಿದ್ದೆ ಅಂತ ಹೇಳಿಕೊಡು ಮಾರಾಯ ಅಂತ ಅಂಗಲಾಚಿದ.

ಹಂಬೀಸನಿಗೆ ಅವನನ್ನ ನೋಡಿ ನಿಜವಾಗಲೂ ಅಯ್ಯೋ ಅನ್ನಿಸ್ತು. ಅಕ್ಕನ ಕೈಲಿ ನೀರು ತರಿಸಿಕೊಟ್ಟ. ಏನನ್ನೂ ಮುಚ್ಚಿಡದೆ ಹೇಳಿದ.

“ಮೊದಲು ಎತ್ತರದಲ್ಲಿಡಿ, ಆಮೇಲೆ ಇಳಿಸಿ. ಅವಸರ ಮಾಡಬೇಡಿ, ಕೈ ನಿಲ್ಲಿಸಬೇಡಿ. ಅಷ್ಟೇ ಯಜಮಾನ್ರೇ, ಬೇರೆ ಗುಟ್ಟಿಲ್ಲ. ಒಂದು ನಲವತ್ತು ವರ್ಷ ತಿರುಗಿಸಿ, ಕೈ ತಾನಾಗೇ ಬರುತ್ತೆ.”

ನೋಡಿ ಮಕ್ಕಳೇ, ನೀತಿ ಇಷ್ಟೇ. ಇನ್ನೊಬ್ಬರು ದುಡಿದದ್ದನ್ನ ನನ್ನದು ಅಂತ ಹೇಳ್ಕೊಂಡವನು, ಒಂದು ದಿನ ಆ ದುಡಿಮೆಯನ್ನೂ ತಾನೇ ಹೊರಬೇಕಾಗುತ್ತೆ.

ಹಂಬೀಸ ಜಗಲಿ ಮೇಲೆ ಕೂತ, ಕೊಸ್ಮಾಸ ಒಲೆ ಮುಂದೆ ನಿಂತ, ನೀವಿನ್ನು ಏಳಿ.