ಪಿಳ್ಳಪ್ಪ ತಂದ ಗಾಜಿನ ಮಣಿ

ಮುನಿವೆಂಕಟಮ್ಮನಿಗೆ ಇದ್ದದ್ದು ಒಬ್ಬನೇ ಮಗ, ಪಿಳ್ಳಪ್ಪ. ಮೂವತ್ತು ದಾಟಿದ ಆಳು, ಎತ್ತಿನಂಥ ಮೈ, ತಾಯಿಯ ಮಾತು ಮೀರಿದವನೇ ಅಲ್ಲ. ಕಷ್ಟವೆಲ್ಲ ಇದ್ದದ್ದು ಅಲ್ಲೇ ನೋಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವನಿಗೆ ಬುದ್ಧಿ ಹೇಳಿ ಹೇಳಿ ಆಕೆಯ ನಾಲಿಗೆ ಸವೆದಿತ್ತು.

ಆ ಸಲ ಮನೆಯಲ್ಲಿ ಇಪ್ಪತ್ತು ತಟ್ಟೆ ರೇಷ್ಮೆಹುಳ, ಗೂಡು ಕಟ್ಟಲು ಇನ್ನೊಂದೇ ವಾರ. ಅಷ್ಟರಲ್ಲಿ ಒಂದು ತಟ್ಟೆಯ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟವು, ಮೈಮೇಲೆ ಕರಿಚುಕ್ಕೆ ಎದ್ದವು. ಗಂಟುರೋಗವೇನೋ ಎಂದು ಮುನಿವೆಂಕಟಮ್ಮನ ಎದೆ ಧಸಕ್ಕೆಂದಿತು. ಹೌದಾದರೆ ಆ ತಟ್ಟೆ ಸುಡಬೇಕು, ತಡಮಾಡಿದರೆ ರೋಗ ಸೊಪ್ಪಿಗೆ ತಾಗಿ ಹರಡಿ ಇಪ್ಪತ್ತೂ ಮಣ್ಣುಪಾಲು. ಅಲ್ಲವಾದರೆ ಸುಮ್ಮನೆ ಸುಟ್ಟ ಪಾಪ. ಬರಿಗಣ್ಣಿಗೆ ತಿಳಿಯುವ ರೋಗವಲ್ಲ ಅದು, ಸೂಕ್ಷ್ಮದರ್ಶಕವೇ ಬೇಕು. ಅಂಗಡಿಯದನ್ನು ಕೊಳ್ಳುವ ತಾಕತ್ತು ಆಕೆಗೆಲ್ಲಿ?

ಪೇಟೆಯಲ್ಲಿ ಸತ್ತಾರ್ ಸಾಹೇಬರು ಎಂಬವರಿದ್ದರು, ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದು ನಿವೃತ್ತರಾದವರು. ಗಾಜಿನ ಕಡ್ಡಿ ಕರಗಿಸಿ, ಸಾಸಿವೆಯಷ್ಟು ಮಣಿ ಮಾಡಿ, ತಗಡಿನ ತೂತಿಗೆ ಕೂರಿಸುವುದು ಅವರ ಹುಚ್ಚು. ಕಣ್ಣಿಗೊತ್ತಿ ಬೆಳಕಿಗೆ ಹಿಡಿದರೆ ಕೆರೆನೀರಿನ ಕ್ರಿಮಿಗಳೂ ಕಾಣುತ್ತಿದ್ದವು. ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದರು.

ಹುಳ ಬಿಟ್ಟು ಅಲುಗಾಡುವಂತಿಲ್ಲದ ತಾಯಿ ಮಗನನ್ನೇ ಕಳಿಸಿದಳು, ಮಣಿಗೆ ಕೈ ತಾಕಿಸಬೇಡ ಎಂದಳು. ತಾಕಿಸಲಿಲ್ಲ ಅವನು. ತಗಡನ್ನು ಹಲ್ಲಲ್ಲಿ ಕಚ್ಚಿಕೊಂಡು ಬಸ್ಸು ಹತ್ತಿದ. ಕಂಡಕ್ಟರು ಯಾವೂರು ಎಂದ, ಇವನು ಬಾಯಿಬಿಟ್ಟು ಊರ ಹೆಸರು ಹೇಳಿದ. ತಗಡು ಕೆಳಗೆ ಬಿತ್ತು, ಮಣಿ ಎಲ್ಲಿಗೆ ಉರುಳಿತೋ ದೇವರಿಗೇ ಗೊತ್ತು.

ತಾಯಿ ತಲೆ ಚಚ್ಚಿಕೊಂಡಳು. ಅಂಥದ್ದನ್ನು ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಳ ಹಾಕಿ ತರಬೇಕು ಎಂದು ಬೈದಳು.

ಮಾರನೆಯ ದಿನ ಅದೇ ತಟ್ಟೆಯ ಇನ್ನೂ ನಾಲ್ಕು ಹುಳ ತಲೆ ಎತ್ತಿಕೊಂಡು ಸುಮ್ಮನಾದವು. ಇವನ್ನೇ ಸಾಹೇಬರಿಗೆ ತೋರಿಸಿ ಬಾ ಎಂದು ಕೊಟ್ಟು ಕಳಿಸಿದಳು. ಪಿಳ್ಳಪ್ಪ ಡಬ್ಬಿಯಲ್ಲಿಟ್ಟ, ಬಿಗಿಯಾಗಿ ಮುಚ್ಚಳ ಹಾಕಿದ, ಬಿಸಿಲಲ್ಲಿ ನಡೆದ. ಸಾಹೇಬರು ತೆರೆದರೆ ಒಳಗೆ ಬೆಂದ ಮುದ್ದೆ. ಅದರಲ್ಲಿ ನೋಡುವುದಕ್ಕೇನೂ ಉಳಿದಿರಲಿಲ್ಲ. ಅವರು ಅದೇ ಡಬ್ಬಿ ತೊಳೆದು ಹೊಸ ಮಣಿಯ ತಗಡಿಟ್ಟು ಕಳಿಸಿದರು, ಅಕ್ಕಿಯಂತೆ ಹೊಳೆಯುವ ಕಾಳು ಕಂಡರೆ ಗಂಟುರೋಗ ಎಂದು ಚೀಟಿ ಬರೆದರು.

ಮಣಿ ಬಂತೆಂದು ತಾಯಿಗೆ ಜೀವ ಬಂತು. ಆದರೂ ಬೈಯದೆ ಬಿಡಲಿಲ್ಲ.

"ಜೀವ ಇರೋದನ್ನ ಹಂಗೆ ಮುಚ್ಚಿಡಬಾರದು ಕಣೋ. ಅವಕ್ಕೆ ಗಾಳಿ ಬೇಕು, ಹೊಟ್ಟೆಗೆ ಸೊಪ್ಪು ಬೇಕು. ತಿಳೀತಾ?"

ತಿಳಿಯಿತು ಎಂದ ಪಿಳ್ಳಪ್ಪ.

ಮುನಿವೆಂಕಟಮ್ಮ ಕಾಯಿಲೆ ತಟ್ಟೆಯ ಒಂದು ಹುಳ ಅರೆದು, ಒಂದು ಹನಿಯನ್ನು ಎರಡು ಗಾಜಿನ ನಡುವೆ ಇಟ್ಟು, ಮಣಿಗೆ ಕಣ್ಣೊತ್ತಿದಳು. ಅಕ್ಕಿಯಂಥ ಕಾಳುಗಳು ಹೊಳೆದವು, ಒಂದಲ್ಲ, ನೂರಾರು. ಆಕೆ ಉಳಿದ ಹತ್ತೊಂಬತ್ತು ತಟ್ಟೆಗಳಿಂದಲೂ ಒಂದೊಂದು ಹುಳ ತೆಗೆದು ಬೇರೆ ಗಾಜುಗಳಲ್ಲಿ ನೋಡಿದಳು. ಎಲ್ಲಿಯೂ ಒಂದು ಕಾಳಿಲ್ಲ. ಬದುಕಿದೆ ಎಂದು ಅಲ್ಲೇ ಕೂತು ಅತ್ತಳು.

ಆಮೇಲೆ ಕಾಯಿಲೆ ತಟ್ಟೆಯನ್ನು ಹಿತ್ತಿಲ ಗುಂಡಿಗೆ ಒಯ್ದು ಸೀಮೆಎಣ್ಣೆ ಸುರಿದು, ಕೊನೆಯ ಹುಳ ಬೂದಿಯಾಗುವವರೆಗೂ ಕದಲದೆ ನಿಂತಳು. ಕೈ ತೊಳೆದು ಒಳಗೆ ಬಂದರೆ, ಪಿಳ್ಳಪ್ಪ ಚೆಂಬು ಹಿಡಿದು ಹುಳದ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಾನೆ. ಕಾಯಿಲೆ ಹುಳದ ಹನಿಯಿದ್ದ ಮೊದಲನೆಯ ಗಾಜುಗಳು ಚೊಕ್ಕಟವಾಗಿ ತೊಳೆದು ಪಕ್ಕದಲ್ಲಿವೆ.

"ಏನು ಮಾಡ್ತಿದ್ದೀಯೋ?" ಎಂದಳು.

"ನಾನೂ ಮಣೀಲಿ ನೋಡ್ದೆ ಕಣಮ್ಮ. ಎಷ್ಟೊಂದು ಎಳೇ ಮರಿಗಳು, ಗಾಜಿನ ಮಧ್ಯೆ ಸಿಕ್ಕೊಂಡು ಅಲುಗಾಡ್ತಿದ್ವು. ಗಾಳಿ ಇಲ್ಲ, ಸೊಪ್ಪಿಲ್ಲ. ಪಾಪ, ಈ ಚೆಂಬಿನ ನೀರಲ್ಲಿ ತೊಳೆದು ಬಿಡಿಸ್ದೆ."

ತಾಯಿ, ಯಾವ ತಟ್ಟೆಗೆ ಬಿಟ್ಟೆ ಎಂದು ಕೇಳಿದಳು.

"ಒಂದೇ ತಟ್ಟೆ ಸೊಪ್ಪು ಅಷ್ಟಕ್ಕೂ ಎಲ್ಲಿ ಸಾಲುತ್ತಮ್ಮ?" ಎಂದ ಪಿಳ್ಳಪ್ಪ. "ಹತ್ತೊಂಬತ್ತಕ್ಕೂ ಸಮನಾಗಿ ಹಂಚಿದೀನಿ."