ಕಗ್ಗಲಿಪಾಳ್ಯದ ಸೂಲಗಿತ್ತಿ ಗುಂಡು

ಕಾವೇರಿಯ ಬಲದಂಡೆಯ ಬಂಡೆಗಾಡಿನಲ್ಲಿ ಕಗ್ಗಲಿಪಾಳ್ಯ ಎಂಬ ಕ್ರೈಸ್ತರ ಊರಿದೆ. ಊರ ಹಿಂದೆ ಒಂದು ಗುಡ್ಡ, ಗುಡ್ಡದ ಅರ್ಧದಲ್ಲಿ ಬಾಗಿಲಿಲ್ಲದ ಗವಿ, ಅದರ ನೇರ ಕೆಳಗೆ ಕಲ್ಲುಗೋಡೆಯ ಸಮಾಧಿ ತೋಟ. ಗೋಡೆಯ ಗುಡ್ಡದ ಕಡೆಯ ಬದಿ ಎಂಟು ಅಡಿ ಅಗಲಕ್ಕೆ ಒಡೆದುಹೋಗಿದೆ. ಒಡಕಿನ ಒಳಗೆ, ಅತ್ಯುತ್ತಮವಾದ ಜಾಗದಲ್ಲಿ, ಎತ್ತಿನ ಗಾಡಿಯಷ್ಟು ದೊಡ್ಡ ಗುಂಡೊಂದು ಕೂತಿದೆ. ಇದಕ್ಕೆ ಸೂಲಗಿತ್ತಿ ಗುಂಡು ಎಂದು ಹೆಸರು. ಈಚೆಗೆ ಸಮಿತಿಯವರು ಅದಕ್ಕೆ ನೀಲಿ ಬಣ್ಣ ಬಳಿದು, ಬಣ್ಣ ಕೊಡಿಸಿದ ಹದಿನೇಳು ಮಂದಿಯ ಹೆಸರು ಬರೆಸಿದ್ದಾರೆ. ಸೂಲಗಿತ್ತಿಯ ಹೆಸರು ಅದರಲ್ಲಿಲ್ಲ. ಗುಂಡಿಗೆ ಆ ಹೆಸರೇಕೆಂದು ಕೇಳಿದರೆ, ಅದನ್ನು ಮುಟ್ಟಿದರೆ ಬಂಜೆಗೆ ಮಕ್ಕಳಾಗುತ್ತವೆ ಎಂದು ಕಥೆ ಕಟ್ಟುತ್ತಾರೆ. ಕ್ರಿಸ್ತ ಸತ್ತು ಎದ್ದ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಎಂದರೆ ಸಕ್ಕರೆ ಮೊಟ್ಟೆ ಮತ್ತು ಬಿರಿಯಾನಿ ಎಂದುಕೊಂಡಿರುವ ಜನರಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ತಪ್ಪೇ. ಆದರೂ ಆ ಹೆಸರು ಬಂದದ್ದು ಹೇಗೆಂದು ಯಾರಾದರೂ ಒಬ್ಬರು ನೆಟ್ಟಗೆ ಬರೆದಿಡಬೇಕಲ್ಲ.

ಹಿಂದೆ ಒಮ್ಮೆ, ಈ ಊರಿನ ಹಬ್ಬ ಬಹಳ ಸರಳವಾಗಿತ್ತು ಎನ್ನುತ್ತಾರೆ. ಶುಭ ಶುಕ್ರವಾರ ಗವಿಯನ್ನೇ ಕ್ರಿಸ್ತನ ಸಮಾಧಿಯೆಂದು ಭಾವಿಸಿ, ಒಳಗೆ ಒಂದು ಬಿಳಿ ಬಟ್ಟೆಯನ್ನು ಮಡಿಸಿಟ್ಟು, ಬಾಯಿಗೆ ಒಂದು ಕಲ್ಲು ಮುಚ್ಚುವುದು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಹೆಂಗಸರು ಆ ಕಲ್ಲನ್ನು ಉರುಳಿಸುವುದು. ಒಳಗೆ ದೇಹವಿಲ್ಲ, ಬಟ್ಟೆ ಮಾತ್ರ ಇದೆ ಎಂದು ಎಲ್ಲರೂ ನೋಡಿದ ಮೇಲೆ ಗಂಟೆ ಬಾರಿಸಿ, ಚರ್ಚಿನ ಸ್ವಾಮಿಗಳು ಹೊಸದಾಗಿ ಮಂತ್ರಿಸಿದ ನೀರನ್ನು ಒಂದೊಂದು ಸಮಾಧಿಗೂ ಚಿಮುಕಿಸಿ, 'ನೀನೂ ಏಳುವೆ' ಎಂದು ಹೇಳುತ್ತ ಹೋಗುವುದು. ಹಬ್ಬದ ಅರ್ಥವೆಲ್ಲ ಆ ಎರಡು ಮಾತಿನಲ್ಲಿತ್ತು. ಇಷ್ಟು ಚೊಕ್ಕವಾದದ್ದನ್ನು ಕೆಡಿಸದೆ ಬಿಟ್ಟರೆ ಊರಿನ ಮುಖಂಡರು ಮುಖಂಡರು ಹೇಗಾದಾರು? ಚರ್ಚಿನ ವ್ಯವಹಾರ ನೋಡುವ ಗುರಿಕಾರ ಇನ್ನಾಸಪ್ಪನ ಮನೆತನ ಕಲ್ಲು ಉರುಳಿಸುವ ಮರ್ಯಾದೆ ತನ್ನದು ಎಂದಿತು. ಪಟೇಲ ದಾವೀದಪ್ಪನ ಮನೆತನ ತನ್ನದು ಎಂದಿತು. ಕೊನೆಗೆ ಇಬ್ಬರಿಗೂ ಪಾಲಾಯಿತು. ಹೆಂಗಸರನ್ನು ಹಿಂದಕ್ಕೆ ನಿಲ್ಲಿಸಿದರು. ಗಂಡಸರ ತೋಳಿಗೆ ತಕ್ಕಂತೆ ಕಲ್ಲು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಬಂತು. ನಮ್ಮ ಕಥೆಯ ವರ್ಷ ಅದು ಈಗ ಕಾಣುವ ಗಾತ್ರಕ್ಕೆ ಬಂದಿತ್ತು. ಇಳಿಜಾರಿನ ಅಂಚಿನಲ್ಲಿ, ಮುಂದಕ್ಕೆ ಜಾರದಂತೆ ಅಡಿಗೆ ಒಂದು ಒತ್ತುಗಲ್ಲು ಕೊಟ್ಟು ನಿಲ್ಲಿಸಿದ್ದರು.

ಊರಿನ ಸೂಲಗಿತ್ತಿ ಚೌರಮ್ಮ. ಅವಳ ಗಂಡ ಮಾರಯ್ಯ ಹನ್ನೆರಡು ವರ್ಷ ಯೋಚಿಸಿ, ಆ ಪಾಸ್ಕದ ದಿನ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗಲು ಒಪ್ಪಿದ್ದ. ಶನಿವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಬಿದ್ದ. ಸ್ವಾಮಿಗಳು ಬೇರೆ ಊರಿಗೆ ಹೋಗಿದ್ದರು. ಸಾಯುವ ಕೂಸಿಗೆ ಸೂಲಗಿತ್ತಿಯೇ ದೀಕ್ಷೆಯ ನೀರು ಹಾಕಬಹುದೆಂದು ಧರ್ಮಸಭೆ ಅವಳಿಗೆ ಕಲಿಸಿತ್ತು. ಅದೇ ಕೈಯಿಂದ, ಅದೇ ಮಾತು ಹೇಳಿ, ಚೌರಮ್ಮ ಗಂಡನ ತಲೆಗೆ ನೀರು ಹಾಕಿ, ಸತ್ತ ನಾಲ್ಕನೆಯ ದಿನ ಕ್ರಿಸ್ತ ಎಬ್ಬಿಸಿದ ಲಾಜರನ ನೆನಪಿಗೆ ಲಾಜರಪ್ಪ ಎಂದು ಹೆಸರಿಟ್ಟಳು. ಅವನು ಆ ಹೆಸರು ಕೇಳಿಸಿಕೊಂಡೇ ಸತ್ತನಂತೆ. ಗುರಿಕಾರ ಇನ್ನಾಸಪ್ಪ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟ: "ಸೂಲಗಿತ್ತಿ ನೀರು ಕೂಸಿಗೆ ಸಲ್ತದೆ, ಮೀಸೆ ಬಂದೋನಿಗೆ ಸಲ್ಲಾಕಿಲ್ಲ. ಗೋಡೆ ಆಚೆಗೆ ಹೂಳ್ರಿ." ಧರ್ಮೋಪದೇಶದ ನಾಲ್ಕು ಪ್ರಶ್ನೋತ್ತರ ಬಾಯಿಪಾಠ ಮಾಡಿದವನ ಪಾಂಡಿತ್ಯ ಅದು. ನೀರು ಹಾಕಲು ಮೀಸೆಯ ಅಳತೆ ನೋಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಅವಳು ಹೆಸರು ಹೇಳಿ ಅತ್ತಾಗ ದಾವೀದಪ್ಪ ನಕ್ಕನಂತೆ: "ಲಾಜರನಾ? ಹಂಗಾದ್ರೆ ನಾಕು ದಿನ ಕಾಯವ್ವ, ಎದ್ದು ಬತ್ತಾನೆ." ಹುಟ್ಟಿದಾರಭ್ಯ ಆ ಇಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಮಧ್ಯಾಹ್ನವೇ ಅವನನ್ನು ಗುಡ್ಡದ ಕಡೆ ಗೋಡೆಯ ಆಚೆಗೆ ಹೂತರು. ಸಂಜೆ ಸ್ವಾಮಿಗಳು ಬಂದರು. ಚೌರಮ್ಮ ಕೇಳಿದ್ದು ಒಂದೇ: ನಾಳೆ ಹೊಸ ನೀರು ಚಿಮುಕಿಸುವಾಗ ಅವನಿಗೂ ಒಂದು ಹನಿ, ಆ ಒಂದು ಮಾತು. ಸತ್ಯವೇನೆಂದು ಸ್ವಾಮಿಗಳಿಗೆ ಗೊತ್ತಿತ್ತು, ಬೆನ್ನು ಮಾತ್ರ ಗಟ್ಟಿಯಿರಲಿಲ್ಲ. "ಗೋಡೆ ಒಳಗಿನವರಿಗೆ ತಾನೇ ರೂಢಿ, ಹಬ್ಬ ಮುಗೀಲಿ, ನೋಡೋಣ" ಎಂದರು.

ಬೆಳಕು ಹರಿಯಿತು. ಇನ್ನಾಸಪ್ಪನ ಕಡೆಯ ಹತ್ತು ಜನ ಎಡಗಡೆಯಿಂದ, ದಾವೀದಪ್ಪನ ಕಡೆಯ ಹತ್ತು ಜನ ಬಲಗಡೆಯಿಂದ ಕಲ್ಲಿಗೆ ಭುಜ ಕೊಟ್ಟರು. ಯಾವ ಕಡೆಗೆ ಉರುಳಬೇಕೆಂದು ಮಾತಾಡಿಕೊಂಡಿರಲಿಲ್ಲ. ಮಾತಾಡಿಕೊಂಡರೆ ಮರ್ಯಾದೆ ಹೋಗುತ್ತದಲ್ಲ. ಇವರು ನೂಕಿದಷ್ಟೂ ಅವರು ನೂಕಿದರು. ಕಲ್ಲು ಅಲ್ಲಾಡಲಿಲ್ಲ. ಬಿಸಿಲು ಏರಿತು. ಕ್ರಿಸ್ತನು ಎದ್ದಿದ್ದಾನೆಂದು ಹಾಡಲು ಬಂದ ಇಡೀ ಊರು, ಅವನನ್ನು ಒಳಗೇ ಕೂಡಿಹಾಕಲು ಇಪ್ಪತ್ತು ಜನ ಬೆವರು ಸುರಿಸುವುದನ್ನು ಬಾಯಿ ತೆರೆದು ನೋಡುತ್ತ ನಿಂತಿತು.

ಹಿಂದೆ ನಿಂತಿದ್ದ ಚೌರಮ್ಮ ಮುಂದೆ ಬಂದಳು. "ಎರಡೂ ಕಡೆಯೋರು ಕೈ ತೆಗೀರಿ. ಬರೋದ ತಡೀತಿರೋರು ನೀವೇಯ."

"ಕಲ್ಲಿಗೂ ಹೆರಿಗೆ ಮಾಡಿಸೀಯೇನೆ?" ಎಂದ ದಾವೀದಪ್ಪ, ಏದುಸಿರಿನಲ್ಲಿ.

"ಒಳಗಿರೋನು ಈಚೆಗೆ ಬರಬೇಕು ತಾನೆ? ಮಾಡಿಸ್ತೀನಿ, ಸರೀರಿ ಅತ್ಲಾಗೆ."

ಸುಸ್ತಾಗಿದ್ದುದರಿಂದ ಸರಿದರು, ಬುದ್ಧಿ ಬಂದು ಅಲ್ಲ. ಕೆಳಗೆ ನಿಂತಿದ್ದವರನ್ನೆಲ್ಲ ಅವಳು ಪಕ್ಕಕ್ಕೆ ಕಳಿಸಿ, ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಅಡಿಗೆ ಕೈ ಹಾಕಿ ಒತ್ತುಗಲ್ಲನ್ನು ಮೆಲ್ಲಗೆ ಅಲುಗಿಸಿ ಎಳೆದಳು. ಗುಂಡು ಒಮ್ಮೆ ನಿಟ್ಟುಸಿರಿನಂಥ ಸದ್ದು ಮಾಡಿ, ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನೇರ ಮುಂದಕ್ಕೆ ಹೊರಟಿತು. ಮಾರಯ್ಯನ ಹಸಿ ಸಮಾಧಿಯನ್ನು ಮೊಳದಂತರದಲ್ಲಿ ದಾಟಿ, ಗೋಡೆಯನ್ನು ಒಡೆದು, ಇನ್ನಾಸಪ್ಪ ತನಗೆಂದು ಕಾಯ್ದಿರಿಸಿದ್ದ ಜಾಗದಲ್ಲಿ ಕೂತಿತು. ಗವಿಯಿಂದ ಅಲ್ಲಿಗೆ ನಾನೇ ಅಳೆದಿದ್ದೇನೆ: ನೂರ ಹದಿನಾಲ್ಕು ಹೆಜ್ಜೆ.

ಗವಿ ತೆರೆದಿತ್ತು. ಬಟ್ಟೆ ಕಾಣುತ್ತಿತ್ತು. ಚೌರಮ್ಮ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಸ್ವಾಮಿ, ಈಗ ಹೇಳಿ, ಒಳಗೆ ಯಾವುದು, ಆಚೆ ಯಾವುದು?" ಎಂದಳು. ಸ್ವಾಮಿಗಳು ನೀರಿನ ಪಾತ್ರೆ ಹಿಡಿದು ನೇರ ಆ ಹಸಿ ಮಣ್ಣಿನ ಬಳಿಗೇ ಇಳಿದು ಬಂದು, ಎಲ್ಲರಿಗೂ ಕೇಳುವಂತೆ, "ಲಾಜರಪ್ಪ, ನೀನೂ ಏಳುವೆ" ಎಂದರು. ಗಂಟೆ ಬಾರಿಸಿದ್ದು ಅದಾದ ಮೇಲೆ ಎನ್ನುತ್ತಾರೆ.

ಗೋಡೆಯನ್ನು ಮತ್ತೆ ಕಟ್ಟಿಸುತ್ತೇವೆಂದು ಎರಡು ಮನೆತನಗಳೂ ಅಂದೇ ಸಾರಿದವು. ಮೊದಲ ಕಲ್ಲು ಇಡುವ ಮರ್ಯಾದೆ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳು ಈಗಲೂ ಸಭೆ ಸೇರುತ್ತಾರೆ, ಜಗಳವಾಡುತ್ತಾರೆ, ಚಹಾ ಕುಡಿದು ಏಳುತ್ತಾರೆ. ಅವರ ಒಣಜಂಭದಿಂದ ಊರಿಗೆ ಆದ ಒಂದೇ ಉಪಕಾರವೆಂದರೆ ಆ ಒಡಕು ಉಳಿದದ್ದು. ಪ್ರತಿ ಪಾಸ್ಕದ ಬೆಳಿಗ್ಗೆ ಹೊಸ ನೀರು ಇವತ್ತಿಗೂ ಮೊದಲು ಬೀಳುವುದು ಒಡಕಿನ ಆಚೆಯ ಆ ಒಂದು ಸಮಾಧಿಯ ಮೇಲೆ. ಗವಿಗೆ ಮತ್ತೆ ಯಾರೂ ಕಲ್ಲು ಮುಚ್ಚಿಲ್ಲ. ಬಸ್ಸಿನಲ್ಲಿ ಬರುವ ಜನ ನೀಲಿ ಗುಂಡಿನ ಮುಂದೆ ಫೋಟೋ ತೆಗೆಸಿಕೊಂಡು, ಲಾಜರಪ್ಪನನ್ನು ಗಮನಿಸದೆ ದಾಟಿ, ಉಸಿರು ಬಿಡುತ್ತ ಗುಡ್ಡ ಹತ್ತಿ, ಗವಿಯೊಳಗೆ ಇಣುಕುತ್ತಾರೆ. "ಅಯ್ಯೋ, ಒಳಗೆ ಏನೂ ಇಲ್ವಲ್ಲ" ಎಂದು ಬೇಸರಪಟ್ಟು ಇಳಿದುಹೋಗುತ್ತಾರೆ.