ಹಿಂದೆ ಕೂತವರು

ದಾವಣಗೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಚಂದ್ರಕಲಮ್ಮ ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ರವಿಕೆ ಡಿಸೈನ್ ಹುಡುಕುತ್ತಿದ್ದರು. ಇದ್ದಕ್ಕಿದ್ದಂತೆ ಪರದೆ ಪೂರ್ತಿ ಕೆಂಪಾಯಿತು. "ವೈರಸ್ ಹೊಕ್ಕಿದೆ. ಆಫ್ ಮಾಡಬೇಡಿ. ಈ ನಂಬರಿಗೆ ಫೋನ್ ಮಾಡಿ" ಎಂದು ಒಳಗಿನಿಂದ ಒಂದು ಹೆಣ್ಣು ದನಿ ಬಿಡದೆ ಹೇಳತೊಡಗಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಗಾಬರಿಯಲ್ಲೇ ಫೋನ್ ಮಾಡಿದರು.

"ನಾನು ಸೆಕ್ಯುರಿಟಿ ಆಫೀಸರ್" ಎಂದು ಒಬ್ಬ ಗತ್ತಿನಿಂದ ಹೇಳಿದ. "ನಮ್ಮ ಆಂಟಿವೈರಸ್ ಈಗಲೇ ಕೊಳ್ಳಬೇಕು. ನಿಮ್ಮ ಕ್ಯಾಮೆರಾದಲ್ಲಿ ನನಗೆ ಎಲ್ಲಾ ಕಾಣಿಸುತ್ತಿದೆ."

ಆ ಕಂಪ್ಯೂಟರಿಗೆ ಕ್ಯಾಮೆರಾನೇ ಇರಲಿಲ್ಲ. ಚಂದ್ರಕಲಮ್ಮನ ಗಾಬರಿ ಹೋಯಿತು.

"ಹೌದಾ ಸಾರ್? ಹಾಗಾದರೆ ನನ್ನ ಹಿಂದೆ ಯಾರು ಕೂತಿದ್ದಾರೆ, ಹೇಳಿ."

"ನಿಮ್ಮ ಯಜಮಾನರು" ಎಂದ ಅವನು, ತಡವರಿಸದೆ.

ಚಂದ್ರಕಲಮ್ಮ ದನಿ ತಗ್ಗಿಸಿದರು. "ನನಗೂ ಹಾಗೇ ಅನ್ನಿಸ್ತಿತ್ತು ಸಾರ್. ಅವರು ತೀರಿಕೊಂಡು ವರ್ಷದ ಮೇಲಾಯ್ತು. ನನ್ನ ಕಣ್ಣಿಗಂತೂ ಕಾಣಲ್ಲ. ಈಗ ಯಾರನ್ನ ನೋಡ್ತಿದ್ದಾರೆ, ನನ್ನನ್ನಾ, ನಿಮ್ಮನ್ನಾ?"

ಆ ಕಡೆಯಿಂದ ಫೋನ್ ಕಟ್ಟಾಯಿತು.

ರವಿಕೆ ಒಯ್ಯಲು ಬಂದ ಕಂಪ್ಯೂಟರ್ ಟೀಚರ್ ಫರ್ಹಾನಾ ಆ ಕೆಂಪು ಪುಟವನ್ನು ಮುಚ್ಚಿದಳು. ದನಿ ಅಡಗಿತು. "ಇದು ಮೋಸದ ಜಾಹೀರಾತು ಆಂಟಿ. ನಿಮ್ಮ ಕಂಪ್ಯೂಟರಿನ ಜೊತೆಗೇ ಆಂಟಿವೈರಸ್ ಬಂದಿದೆ. ಅಪ್‌ಡೇಟ್ ಮಾಡ್ತಾ ಇದ್ದರೆ ನಿಮಗೆ ಅದೇ ಸಾಕು."

ಸಂಜೆ ಅದೇ ನಂಬರಿನಿಂದ ಫೋನ್ ಬಂತು. ಈಗ ಆ ದನಿಯಲ್ಲಿ ಗತ್ತಿರಲಿಲ್ಲ.

"ಅಮ್ಮಾ, ಆಗಿನಿಂದ ನನ್ನ ಹಿಂದೆ ಯಾರೋ ಕೂತ ಹಾಗಾಗ್ತಿದೆ. ನೀವು ಹೇಳಿದ್ದು ಸುಳ್ಳು ತಾನೇ?"

"ನನಗೇನು ಗೊತ್ತು ಸಾರ್? ಅವರನ್ನ ನೋಡಿದ್ದು ನೀವಲ್ವಾ?" ಎಂದು ಚಂದ್ರಕಲಮ್ಮ ಫೋನ್ ಇಟ್ಟರು.